ಬಣ್ಣದ ಗಾಜಿನ ಲೋಟ: ಗೃಹೋದ್ಯಮದ ನಿಜವೆಚ್ಚವನ್ನು ಅರಿಯುವ ಬಗೆ

ಸಾದಾ ಗಾಜಿನ ಲೋಟ, ಹೂದಾನಿ, ಬರಣಿಗಳ ಮೇಲೆ ಮನೆಯಲ್ಲಿಯೇ ಬಣ್ಣದ ಚಿತ್ತಾರ ಬಿಡಿಸಿ ಮಾರುವ ಕಸುಬು ಅಲ್ಪ ಬಂಡವಾಳದ ಗೃಹೋದ್ಯಮಗಳಲ್ಲಿ ಒಂದು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಪ್ರತ್ಯೇಕ ಮಳಿಗೆಯೂ ಬೇಕಿಲ್ಲ. ಅಡುಗೆಮನೆಯ ಕೆಲಸ ಮುಗಿದ ಮೇಲೆ ಉಳಿಯುವ ಎರಡು ಮೂರು ಗಂಟೆಗಳೇ ಇದರ ಮುಖ್ಯ ಬಂಡವಾಳ. ದಾವಣಗೆರೆ ಹಾಗೂ ಹರಿಹರಗಳಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಬಂದವರಿಗೆ ಕಿರುಕಾಣಿಕೆ ಕೊಡುವ ರೂಢಿಯಿದೆ. ಇದರ ಜೊತೆಗೆ ವರಮಹಾಲಕ್ಷ್ಮಿ ವ್ರತ, ದೀಪಾವಳಿ, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಇವೆಲ್ಲ ಬೇಡಿಕೆಯ ಕಾಲಗಳು. ನಗರದಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇರುವುದರಿಂದ ರೇಖೆ ಮತ್ತು ಬಣ್ಣಗಳ ಶಿಕ್ಷಣ ಪಡೆದವರಿಗೂ ಇಲ್ಲಿ ಕೊರತೆಯಿಲ್ಲ.

ಕಲೆ ಇದೆ, ಕೊಳ್ಳುವವರೂ ಇದ್ದಾರೆ. ಆದರೂ ಇಂಥ ಕಸುಬು ಎರಡನೆಯ ಹಬ್ಬದ ಹೊತ್ತಿಗೆ ನಿಂತುಹೋಗುವುದುಂಟು. ಇದಕ್ಕೆ ಹಲವು ಸಲ ಕಾರಣ ಮಾರುಕಟ್ಟೆಯ ಅಭಾವವಲ್ಲ, ಬೆಲೆ ಕಟ್ಟುವಲ್ಲಿ ಆಗುವ ತಪ್ಪು. ಸರಕಿನ ಹಣವನ್ನು ಮಾತ್ರ ಎಣಿಸಿ, ದುಡಿದ ಗಂಟೆಗಳನ್ನೂ ಒಡೆದ ಗಾಜನ್ನೂ ಲೆಕ್ಕದಿಂದ ಹೊರಗಿಟ್ಟರೆ ನಷ್ಟವು ಲಾಭದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಪಾಠದಲ್ಲಿ ಮೊದಲು ಕೆಲಸದ ಹಂತಗಳನ್ನೂ ಸುರಕ್ಷತೆಯ ನಿಯಮಗಳನ್ನೂ, ಆನಂತರ ವೆಚ್ಚ, ಮಾರಾಟ ಮತ್ತು ತೆರಿಗೆಗಳ ವಿಚಾರವನ್ನೂ ಪರಿಶೀಲಿಸಲಾಗಿದೆ.

1. ಕೆಲಸದ ಹಂತಗಳು

ಮರ, ಮಣ್ಣು, ಬಟ್ಟೆಗಳಂತೆ ಗಾಜು ಬಣ್ಣವನ್ನು ಹೀರಿಕೊಳ್ಳುವುದಿಲ್ಲ. ಬಣ್ಣವು ಅದರ ಮೇಲ್ಮೈಗೆ ಅಂಟಿ ನಿಲ್ಲಬೇಕು. ಬೆರಳಿನ ಜಿಡ್ಡು ಸೋಂಕಿದರೂ ಆ ಜಾಗದಲ್ಲಿ ಬಣ್ಣ ಎದ್ದುಬರುತ್ತದೆ. ಆದ್ದರಿಂದ ಮೊದಲ ಹಂತ ಶುಚಿಗೊಳಿಸುವುದು. ಲೋಟವನ್ನು ಸಾಬೂನಿನಿಂದ ತೊಳೆದು, ಒಣಗಿಸಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಆಮೇಲೆ ಚಿತ್ರ ಬರುವ ಭಾಗವನ್ನು ಕೈಯಿಂದ ಮುಟ್ಟಬಾರದು.

ಎರಡನೆಯದು ಹೊರಗೆರೆ. ಕಾಗದದ ಮೇಲೆ ಬರೆದ ಮಾದರಿಯನ್ನು ಲೋಟದ ಒಳಗಿಟ್ಟು, ಹೊರಗಿನಿಂದ ಅದರ ಜಾಡಿನಲ್ಲೇ ಗೆರೆ ಎಳೆಯುವುದು ಸುಲಭದ ಉಪಾಯ. ಗೆರೆ ಒಣಗಿದ ಬಳಿಕ ಬಣ್ಣ ತುಂಬುವುದು ಮೂರನೆಯ ಹಂತ. ದುಂಡನೆಯ ಪಾತ್ರೆಯ ಮೇಲೆ ತೆಳುವಾದ ಬಣ್ಣ ಕೆಳಕ್ಕೆ ಹರಿಯುತ್ತದೆ. ಆದ್ದರಿಂದ ಲೋಟವನ್ನು ಮಲಗಿಸಿಟ್ಟು, ಒಂದು ಬದಿ ಒಣಗಿದ ಮೇಲೆ ಮತ್ತೊಂದು ಬದಿಗೆ ಹೊರಳಿಸಬೇಕು.

ನಾಲ್ಕನೆಯದು ಬಣ್ಣವನ್ನು ಗಟ್ಟಿಗೊಳಿಸುವುದು. ಇಲ್ಲಿ ಬಣ್ಣದ ಜಾತಿಯನ್ನು ತಿಳಿದಿರಬೇಕು. ದ್ರಾವಕ ಆಧಾರಿತ ಪಾರದರ್ಶಕ ಬಣ್ಣಗಳು ಗಾಳಿಯಲ್ಲಿಯೇ ಒಣಗುತ್ತವೆ. ಇವುಗಳ ಆವಿ ಬೇಗ ಹೊತ್ತಿಕೊಳ್ಳುವಂಥದ್ದು. ಒಲೆಯಿರುವ ಅಡುಗೆಮನೆಯಲ್ಲಿ ಇವನ್ನು ಬಳಸಬಾರದು, ಓವನ್ನಿನಲ್ಲಿ ಇಡಬಾರದು, ಕೆಲಸ ಮಾಡುವ ಕೋಣೆಯ ಕಿಟಕಿ ತೆರೆದಿರಬೇಕು. ನೀರಿನ ಆಧಾರದ ಕೆಲವು ಬಣ್ಣಗಳನ್ನು ಮಾತ್ರ ಓವನ್ನಿನಲ್ಲಿ ಬೇಯಿಸಲು ತಯಾರಿಸಿರುತ್ತಾರೆ. ಉದಾಹರಣೆಗೆ, ಫ್ರಾನ್ಸಿನ ಪೆಬಿಯೋ ಸಂಸ್ಥೆಯ ‘ವಿಟ್ರಿಯಾ 160’ ಬಣ್ಣವನ್ನು 24 ಗಂಟೆ ಒಣಗಿಸಿ, ಬಳಿಕ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಬೇಯಿಸಬೇಕು. ಲೋಟಗಳನ್ನು ತಣ್ಣಗಿನ ಓವನ್ನಿನಲ್ಲಿ ಇಟ್ಟ ಮೇಲೆಯೇ ಬಿಸಿ ಏರಿಸಬೇಕು, ಓವನ್ ಪೂರ್ತಿ ತಣಿದ ಮೇಲೆಯೇ ಹೊರತೆಗೆಯಬೇಕು. ಅವಸರ ಮಾಡಿದರೆ ಗಾಜು ಸೀಳುತ್ತದೆ.

ಕಾರ್ಖಾನೆಗಳಲ್ಲಿ ಗಾಜಿನ ಮೇಲಿನ ಎನಾಮಲ್ ಚಿತ್ರಗಳನ್ನು ಸುಮಾರು 550ರಿಂದ 600 ಡಿಗ್ರಿ ಶಾಖದಲ್ಲಿ ಸುಟ್ಟು ಗಾಜಿನೊಡನೆ ಬೆಸೆಯಲಾಗುತ್ತದೆ. ಮನೆಯ ಓವನ್ ಆ ಮಟ್ಟಕ್ಕೆ ಏರುವುದಿಲ್ಲ. ಆದ್ದರಿಂದ ಮನೆಯಲ್ಲಿ ಮಾಡಿದ ಲೋಟವನ್ನು ಕಾರ್ಖಾನೆಯ ಲೋಟದಷ್ಟೇ ಬಾಳಿಕೆಯದೆಂದು ಹೇಳಿ ಮಾರಲಾಗದು.

2. ಬಣ್ಣ ಎಲ್ಲಿರಬೇಕು, ಎಲ್ಲಿರಬಾರದು

ಮೈಸೂರು ಮತ್ತು ತಂಜಾವೂರಿನ ಹಳೆಯ ಗಾಜಿನ ಚಿತ್ರಗಳಲ್ಲಿ ಕಲಾವಿದರು ಗಾಜಿನ ಹಿಂಬದಿಗೆ ಬಣ್ಣ ಹಚ್ಚುತ್ತಿದ್ದರು. ನೋಡುವವರ ಕಡೆಗೆ ಬರಿಯ ಗಾಜು ಇರುತ್ತಿತ್ತು, ಬಣ್ಣ ಚೌಕಟ್ಟಿನೊಳಗೆ ಭದ್ರವಾಗಿರುತ್ತಿತ್ತು. ಕುಡಿಯುವ ಲೋಟಕ್ಕೆ ಈ ಅನುಕೂಲವಿಲ್ಲ. ಅದರ ಒಳಗೆ ಪಾನೀಯ, ಹೊರಗೆ ಕೈ, ಅಂಚಿಗೆ ತುಟಿ. ಆದ್ದರಿಂದ ಮೂರು ನಿಯಮಗಳು ಅವಶ್ಯ.

ಮೊದಲನೆಯದು, ಪಾತ್ರೆಯ ಒಳಮೈಗೆ ಬಣ್ಣ ಸೋಕಲೇಬಾರದು. ಎರಡನೆಯದು, ತುಟಿ ತಗಲುವ ಅಂಚಿನಿಂದ ಕೆಳಗೆ ಕನಿಷ್ಠ 2 ಸೆಂಟಿಮೀಟರ್ ಜಾಗವನ್ನು ಖಾಲಿ ಬಿಡಬೇಕು. ಮೂರನೆಯದು, ಅಲಂಕಾರಕ್ಕೆಂದು ಮಾರುವ ಬಣ್ಣವನ್ನು ಆಹಾರಕ್ಕೆ ಸುರಕ್ಷಿತವೆಂದು ಭಾವಿಸಬಾರದು. ಬಾಟಲಿಯ ಮೇಲೆ ತಯಾರಕರು ಏನು ಬರೆದಿದ್ದಾರೆಯೋ ಅಷ್ಟನ್ನೇ ನಂಬಬೇಕು. ಸೀಸ ಮತ್ತು ಕ್ಯಾಡ್ಮಿಯಂ ಎಂಬ ಲೋಹಗಳು ಕೆಲವು ಹೊಳಪಿನ ಬಣ್ಣಗಳಲ್ಲಿ ಇರುತ್ತವೆ, ಮಕ್ಕಳಿಗೆ ಇವು ಹೆಚ್ಚು ಅಪಾಯಕಾರಿ. ಗೃಹೋಪಯೋಗಿ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮವು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಬಿಲ್ಲಿಲ್ಲದ, ಲೇಬಲ್ಲಿಲ್ಲದ ಬಿಡಿ ಬಣ್ಣವನ್ನು ಕೊಳ್ಳದಿರಲು ಇಷ್ಟೇ ಕಾರಣ ಸಾಕು.

ಈ ಎಚ್ಚರಿಕೆ ಸಣ್ಣವರಿಗೆ ಮಾತ್ರವಲ್ಲ. 2010ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯು ‘ಶ್ರೆಕ್’ ಚಲನಚಿತ್ರದ ಚಿತ್ರಗಳಿದ್ದ ಸುಮಾರು 1 ಕೋಟಿ 20 ಲಕ್ಷ ಗಾಜಿನ ಲೋಟಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹೊರಮೈಯ ಬಣ್ಣದಲ್ಲಿ ಕ್ಯಾಡ್ಮಿಯಂ ಕಂಡುಬಂದದ್ದೇ ಅದಕ್ಕೆ ಕಾರಣ. ಅಷ್ಟು ದೊಡ್ಡ ಸಂಸ್ಥೆ ಆ ಹೊರೆಯನ್ನು ತಾಳಿಕೊಂಡೀತು. ಹತ್ತು ಡಜನ್ ಲೋಟ ಮಾಡುವ ಮನೆಗೆ ಒಂದೇ ದೂರಿನಿಂದ ಊರಿನ ವಿಶ್ವಾಸವೇ ಹೋಗುತ್ತದೆ. ಹೊಸದಾಗಿ ಆರಂಭಿಸುವವರು ಹೂದಾನಿ, ಪೆನ್ನಿನ ಬಟ್ಟಲು, ಒಣ ಅಲಂಕಾರದ ಬರಣಿಗಳಿಂದ ಶುರುಮಾಡುವುದು ಕ್ಷೇಮ.

3. ಒಂದು ಮಾದರಿ ಲೆಕ್ಕ

ಈಗ ವೆಚ್ಚದ ವಿಚಾರ. ಕೆಳಗಿನ ಅಂಕಿಗಳು ವಿಧಾನವನ್ನು ತಿಳಿಸಲು ಇಟ್ಟುಕೊಂಡ ಊಹೆಯ ಅಂಕಿಗಳು. ಓದುಗರು ತಮ್ಮ ಖರೀದಿಯ ದರಗಳನ್ನು ಹಾಕಿಕೊಳ್ಳಬೇಕು.

ಗೃಹಿಣಿಯೊಬ್ಬರು 10 ಡಜನ್, ಅಂದರೆ 120 ಸಾದಾ ಲೋಟಗಳನ್ನು ತೆರಿಗೆ ಸೇರಿ ತಲಾ 35 ರೂಪಾಯಿಯಂತೆ ಕೊಳ್ಳುತ್ತಾರೆ. ಒಂದು ಲೋಟವನ್ನು ಶುಚಿಗೊಳಿಸಲು 3 ನಿಮಿಷ, ಹೊರಗೆರೆಗೆ 10, ಬಣ್ಣ ತುಂಬಲು 12, ಬೇಯಿಸಿ ಕಟ್ಟಿಡಲು 5, ಒಟ್ಟು 30 ನಿಮಿಷ ಹಿಡಿಯುತ್ತದೆ. 120 ಲೋಟಗಳಿಗೆ 60 ಗಂಟೆ. ದುಡಿಮೆಯ ಬೆಲೆ ಗಂಟೆಗೆ 75 ರೂಪಾಯಿ ಎಂದಿಟ್ಟುಕೊಳ್ಳೋಣ. 6,000 ರೂಪಾಯಿಯ ಓವನ್ 4 ವರ್ಷ ಬಾಳುತ್ತದೆ, ವರ್ಷಕ್ಕೆ ಇಂಥ 10 ಕಂತುಗಳ ಕೆಲಸ ನಡೆಯುತ್ತದೆ. ಆದ್ದರಿಂದ ಒಂದು ಕಂತಿಗೆ 150 ರೂಪಾಯಿ ಸವಕಳಿ. ಸಾಗಣೆ ಮತ್ತು ತೊಳೆಯುವಿಕೆಯಲ್ಲಿ 5, ಓವನ್ನಿನಲ್ಲಿ 3 ಲೋಟಗಳು ಒಡೆಯುತ್ತವೆ, 4ರಲ್ಲಿ ಬಣ್ಣ ಹರಿದು ಕೆಡುತ್ತದೆ. ಮಾರಲು ಉಳಿಯುವುದು 108.

ಸಾದಾ ಲೋಟ (120 × 35): ರೂ. 4,200
ತರುವ ಖರ್ಚು: ರೂ. 180
ಬಣ್ಣ, ಸ್ಪಿರಿಟ್, ಬ್ರಷ್: ರೂ. 960
ವಿದ್ಯುತ್ (15 ಯೂನಿಟ್ × 8): ರೂ. 120
ಓವನ್ನಿನ ಸವಕಳಿ: ರೂ. 150
ದುಡಿಮೆ (60 ಗಂಟೆ × 75): ರೂ. 4,500
ಪೆಟ್ಟಿಗೆ, ಕಾಗದ (108 × 12): ರೂ. 1,296
ಒಟ್ಟು ವೆಚ್ಚ: ರೂ. 11,406
ಒಂದು ಲೋಟದ ವೆಚ್ಚ (11,406 ÷ 108): ರೂ. 105.61

ಇದೇ ಗೃಹಿಣಿ ಬಾಯಿಲೆಕ್ಕದಲ್ಲಿ ‘ಲೋಟಕ್ಕೆ 35, ಬಣ್ಣಕ್ಕೆ 8, ಒಟ್ಟು 43’ ಎಂದು ಎಣಿಸಿ 80 ರೂಪಾಯಿಗೆ ಮಾರಿದರೆ, ಲೋಟಕ್ಕೆ 37 ರೂಪಾಯಿ ಲಾಭವೆಂದು ಕಾಣುತ್ತದೆ. ವಾಸ್ತವವಾಗಿ 108 ಲೋಟಗಳಿಂದ ಬರುವುದು 8,640 ರೂಪಾಯಿ, ನಷ್ಟ 2,766 ರೂಪಾಯಿ. ಕೈಯಲ್ಲಿ ಹಣ ಉಳಿಯುವುದು ನಿಜ. ದುಡಿಮೆಯನ್ನು ಬಿಟ್ಟು ಉಳಿದ ವೆಚ್ಚ 6,906 ರೂಪಾಯಿ ಕಳೆದರೆ 1,734 ರೂಪಾಯಿ ಉಳಿಯುತ್ತದೆ. ಅದನ್ನು 60 ಗಂಟೆಗಳಿಗೆ ಹಂಚಿದರೆ ಗಂಟೆಗೆ 28 ರೂಪಾಯಿ 90 ಪೈಸೆ. ಮನೆಯ ಯಜಮಾನತಿ ತನ್ನ ಕೈಕೆಲಸವನ್ನು ತಾನೇ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಟ್ಟಂತಾಯಿತು.

4. ಲೆಕ್ಕದಿಂದ ಕಲಿಯಬೇಕಾದುದು

ಈ ಪಟ್ಟಿಯಲ್ಲಿ ದುಡಿಮೆಯ ಪಾಲು ನೂರಕ್ಕೆ ಸುಮಾರು 39.5, ಬಣ್ಣದ ಪಾಲು ಕೇವಲ 8.4. ಹೀಗಿದ್ದರೂ ಉಳಿತಾಯದ ಮಾತು ಬಂದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಅರ್ಧ ಬೆಲೆಯ ಬಣ್ಣ ತಂದರೆ ಲೋಟಕ್ಕೆ ಉಳಿಯುವುದು 4 ರೂಪಾಯಿ 44 ಪೈಸೆ ಮಾತ್ರ, ಅದರೊಡನೆ ಬರುವ ಅಪಾಯವನ್ನು ಮೇಲೆ ಹೇಳಿದೆ. ಒಡೆದು ಕೆಡುವ ಲೋಟಗಳನ್ನು 12ರಿಂದ 6ಕ್ಕೆ ಇಳಿಸಿದರೆ ವೆಚ್ಚ 100 ರೂಪಾಯಿ 68 ಪೈಸೆಗೆ ಬರುತ್ತದೆ, ಉಳಿತಾಯ 4 ರೂಪಾಯಿ 93 ಪೈಸೆ. ಒಂದು ಲೋಟದ ಸಮಯವನ್ನು 30ರಿಂದ 20 ನಿಮಿಷಕ್ಕೆ ಇಳಿಸಿದರೆ ವೆಚ್ಚ 91 ರೂಪಾಯಿ 72 ಪೈಸೆಯಾಗುತ್ತದೆ, ಉಳಿತಾಯ 13 ರೂಪಾಯಿ 89 ಪೈಸೆ.

ಬಣ್ಣ ಅತಿ ಕಡಿಮೆ ಖರ್ಚಿನದು, ಆದರೆ ಅತಿ ಹೆಚ್ಚು ಅಪಾಯದ್ದು. ಸಮಯ ಅತಿ ಹೆಚ್ಚು ಖರ್ಚಿನದು, ಆದರೆ ಯಾರೂ ಬರೆದಿಡದ್ದು. ಈ ಕಸುಬಿನ ವೆಚ್ಚಶಾಸ್ತ್ರದ ತಿರುಳು ಇಷ್ಟೇ.

ಸಮಯ ಉಳಿಸುವ ಮಾರ್ಗ ಕೈಯನ್ನು ಅವಸರಪಡಿಸುವುದಲ್ಲ, ಕೆಲಸವನ್ನು ಹಂತಗಳಾಗಿ ವಿಂಗಡಿಸುವುದು. ಒಂದು ದಿನ ಎಲ್ಲ ಲೋಟಗಳನ್ನೂ ಶುಚಿಗೊಳಿಸಿ, ಮರುದಿನ ಎಲ್ಲಕ್ಕೂ ಹೊರಗೆರೆ ಎಳೆದು, ಬಳಿಕ ಒಂದೊಂದೇ ಬಣ್ಣವನ್ನು ಸಾಲಾಗಿ ತುಂಬಿದರೆ ಬ್ರಷ್ ತೊಳೆಯುವ, ಬಾಟಲಿ ಬದಲಿಸುವ ಹೊತ್ತು ಉಳಿಯುತ್ತದೆ. ಹತ್ತು ವಿನ್ಯಾಸಗಳ ಬದಲು ಮೂರೇ ವಿನ್ಯಾಸಗಳನ್ನು ಇಟ್ಟುಕೊಂಡರೆ ಕೈ ಪಳಗುತ್ತದೆ.

ಇವು ಈ ಊರಿಗೆ ಹೊಸ ವಿಷಯಗಳಲ್ಲ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ನೂಲುವಾಗ ಹೋಗುವ ಹತ್ತಿಯನ್ನು ‘ಸಾಮಾನ್ಯ ನಷ್ಟ’ವೆಂದು ಹಿಡಿದು ಉಳಿದ ನೂಲಿನ ಮೇಲೆಯೇ ಆ ವೆಚ್ಚವನ್ನು ಹಂಚಲಾಗುತ್ತಿತ್ತು. ಮೇಲಿನ ಲೆಕ್ಕದಲ್ಲಿ 120ರಿಂದಲ್ಲದೆ 108ರಿಂದ ಭಾಗಿಸಿದ್ದು ಅದೇ ತತ್ತ್ವದಿಂದ. ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್‌ನಂಥ ಕಾರ್ಖಾನೆಗಳಲ್ಲಿ ಯಾವ ಬಿಡಿಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಬರೆದಿಡುವ ಜಾಬ್ ಕಾರ್ಡ್ ವೆಚ್ಚ ಲೆಕ್ಕದ ಮೊದಲ ಮೆಟ್ಟಿಲು. ಕಾರ್ಖಾನೆಗೆ ಒಪ್ಪುವ ಶಿಸ್ತು ಮನೆಯ ಮೇಜಿಗೂ ಒಪ್ಪುತ್ತದೆ.

5. ಸ್ವಂತ ಮಾರಾಟವೇ, ಕೂಲಿ ಕೆಲಸವೇ?

ಎರಡು ದಾರಿಗಳಿವೆ. ಮೊದಲನೆಯದು ತಾವೇ ಲೋಟ ಕೊಂಡು, ಬಣ್ಣ ಹಾಕಿ ಮಾರುವುದು. ಅಂಗಡಿಯವರು ನೂರಕ್ಕೆ 30ರ ಕಮಿಷನ್ ಕೇಳಿದರೆಂದು ಇಟ್ಟುಕೊಂಡರೆ, ಗಿರಾಕಿಯ ಬೆಲೆ 180 ರೂಪಾಯಿ ಇದ್ದಾಗ ತಯಾರಕರಿಗೆ ಸಿಗುವುದು 126. ದುಡಿಮೆಯ ಬೆಲೆಯೂ ಬಂದು, 108 ಲೋಟಗಳ ಮೇಲೆ 2,202 ರೂಪಾಯಿ ಲಾಭ ಉಳಿಯುತ್ತದೆ. ಆದರೆ ಮಾರಾಟವಾಗದೆ ಉಳಿದ ಸರಕಿನ ಹೊಣೆ ತಯಾರಕರದು.

ಎರಡನೆಯದು ವ್ಯಾಪಾರಿಯೇ ಲೋಟ ಮತ್ತು ಪೆಟ್ಟಿಗೆ ಒದಗಿಸಿ, ತುಂಡಿಗೆ ಇಷ್ಟೆಂದು ಕೂಲಿ ಕೊಡುವುದು. ಇಲ್ಲಿ ವೆಚ್ಚ ಬಣ್ಣ, ವಿದ್ಯುತ್, ಸವಕಳಿ ಮತ್ತು ದುಡಿಮೆ ಮಾತ್ರ, ಒಟ್ಟು 5,730 ರೂಪಾಯಿ. ಎಲ್ಲ 120ಕ್ಕೂ ಕೂಲಿ ಸಿಕ್ಕರೆ ತುಂಡಿಗೆ 47 ರೂಪಾಯಿ 75 ಪೈಸೆ ಸಾಕು. ಸರಿಯಾಗಿ ಬಂದ 108ಕ್ಕೆ ಮಾತ್ರ ಕೂಲಿ ಎಂದರೆ 53 ರೂಪಾಯಿ 6 ಪೈಸೆ ಬೇಕು. ಒಡೆದ ಲೋಟದ ಬೆಲೆಯನ್ನೂ ಕೂಲಿಯಲ್ಲಿ ಮುರಿದುಕೊಳ್ಳುವ ಕರಾರಿದ್ದರೆ ದರ ಇನ್ನೂ ಮೇಲಕ್ಕೆ ಹೋಗಬೇಕು. ಆದ್ದರಿಂದ ಕೂಲಿಯ ದರಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ಒಡೆದುದು ಯಾರ ಲೆಕ್ಕಕ್ಕೆ? ಹರಿಹರ ತಾಲ್ಲೂಕಿನ ಸಾರಥಿಯಂಥ ಗ್ರಾಮದಿಂದ ನಗರಕ್ಕೆ ಗಾಜನ್ನು ಸಾಗಿಸುವವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ.

6. ಅಂಗಡಿಗೆ ಸರಕು ಕೊಡುವಾಗ

ಮಂಡಿಪೇಟೆಯ ವಹಿವಾಟಿನಲ್ಲಿ ಮಾತಿಗೆ ಬೆಲೆಯಿದೆ. ಆದರೂ ಸಣ್ಣ ತಯಾರಕರು ಒಂದು ಚೀಟಿಯನ್ನಾದರೂ ಪಡೆಯಬೇಕು. ದಿನಾಂಕ, ಎಣಿಕೆ, ದರ, ಹಣ ಕೊಡುವ ಗಡುವು, ಸರಕನ್ನು ಖರೀದಿಸಿದ್ದೇ ಅಥವಾ ಮಾರಾಟವಾದರೆ ಮಾತ್ರ ಹಣ ಕೊಡುವ ಷರತ್ತಿನದೇ ಎಂಬುದು ಅದರಲ್ಲಿರಬೇಕು. ಈ ಕೊನೆಯ ಅಂಶವೇ ವ್ಯಾಜ್ಯಗಳ ಮೂಲ. ಷರತ್ತಿನ ಸರಕಿನಲ್ಲಿ ಖರೀದಿ ಪೂರ್ತಿಯಾಗುವವರೆಗೆ ಮಾಲೀಕತ್ವ ತಯಾರಕರಲ್ಲೇ ಉಳಿಯುತ್ತದೆ.

ಖರೀದಿಯಾಗಿದ್ದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ರಕ್ಷಣೆ ದೊರೆಯುತ್ತದೆ. ಲಿಖಿತ ಕರಾರು ಇಲ್ಲದಿದ್ದರೆ ಸರಕು ಸ್ವೀಕರಿಸಿದ 15 ದಿನಗಳೊಳಗೆ, ಇದ್ದರೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ ತಿಂಗಳ ಚಕ್ರಬಡ್ಡಿಯಾಗಿ ಸೇರುತ್ತದೆ. 2023–24ನೆಯ ಆರ್ಥಿಕ ವರ್ಷದಿಂದ ಇಂಥ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಖರೀದಿದಾರರು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಅಂದರೆ ಸಕಾಲದಲ್ಲಿ ಹಣ ಕೊಡುವುದು ಅಂಗಡಿಯವರ ಹಿತಕ್ಕೂ ಸರಿ. ಈ ರಕ್ಷಣೆಗೆ ಆಧಾರವಾಗುವುದು ‘ಉದ್ಯಮ್’ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಶುಲ್ಕವಿಲ್ಲ. ಇದಕ್ಕೆಂದು ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ.

ಮಾರುವಾಗ ಆಡುವ ಮಾತಿಗೂ ಬೆಲೆ ತೆರಬೇಕಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸ್ಪಷ್ಟವಾಗಿ ಕೊಟ್ಟ ಭರವಸೆ ಸುಳ್ಳಾಗಿ ಹಾನಿಯಾದರೆ, ನಿರ್ಲಕ್ಷ್ಯವಿರಲಿಲ್ಲವೆಂದು ತೋರಿಸಿದರೂ ತಯಾರಕರು ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ‘ಎಷ್ಟು ತೊಳೆದರೂ ಹೋಗದು’ ಎನ್ನುವ ಬದಲು ‘ಮೆತ್ತನೆ ಬಟ್ಟೆಯಿಂದ ಕೈಯಲ್ಲಿ ತೊಳೆಯಿರಿ, ಅಲಂಕಾರಕ್ಕೆ ಮಾತ್ರ’ ಎಂಬ ಚೀಟಿ ಅಂಟಿಸುವುದು ಮೇಲು. ಜನಪ್ರಿಯ ಕಾರ್ಟೂನುಗಳನ್ನು ಅನುಮತಿಯಿಲ್ಲದೆ ಬಿಡಿಸಿ ಮಾರುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ರಂಗೋಲಿ, ಕಸೂತಿಗಳ ಎಳೆಗಳಿರುವಾಗ ಅದರ ಅಗತ್ಯವೂ ಇಲ್ಲ.

7. ತೆರಿಗೆಯ ವಿಚಾರ

ಕರ್ನಾಟಕದಲ್ಲಿ ಸರಕನ್ನು ಮಾತ್ರ ರಾಜ್ಯದೊಳಗೆ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬೇರೆಯವರ ಲೋಟಕ್ಕೆ ಬಣ್ಣ ಹಾಕಿಕೊಡುವುದು ಸರಕಿನ ಮಾರಾಟವಲ್ಲ, ಸೇವೆ. ಅದಕ್ಕೆ ಮಿತಿ 20 ಲಕ್ಷ. ಹೊರರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಮಾತ್ರ ಷರತ್ತಿನ ವಿನಾಯಿತಿ ಉಂಟು. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ತಯಾರಕರೂ ದಾಖಲಾತಿ ಸಂಖ್ಯೆ ಪಡೆದು, ಆನ್‌ಲೈನ್ ಮಾರಾಟ ಸಂಸ್ಥೆಗಳ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು. ಆದರೆ ನೋಂದಣಿ ಇಲ್ಲದವರಿಗೆ ಸಾದಾ ಲೋಟದ ಖರೀದಿಯಲ್ಲಿ ತೆತ್ತ ಜಿಎಸ್‌ಟಿ ಮರಳಿ ದೊರೆಯದು. ಅದು ವೆಚ್ಚದ ಭಾಗವೇ ಆಗುತ್ತದೆ. ಮಾದರಿ ಲೆಕ್ಕದಲ್ಲಿ 35 ರೂಪಾಯಿಯನ್ನು ತೆರಿಗೆ ಸೇರಿಸಿಯೇ ಹಿಡಿದದ್ದು ಇದಕ್ಕಾಗಿ.

ಆದಾಯ ತೆರಿಗೆಯಲ್ಲಿ ಸಣ್ಣ ವ್ಯವಹಾರಗಳಿಗೆ ಅಂದಾಜು ಆದಾಯದ ಪದ್ಧತಿಯಿದೆ. ನಗದು ವಹಿವಾಟಿನ ಮೇಲೆ ನೂರಕ್ಕೆ 8, ಬ್ಯಾಂಕ್ ಅಥವಾ ಡಿಜಿಟಲ್ ವಹಿವಾಟಿನ ಮೇಲೆ ನೂರಕ್ಕೆ 6ರಂತೆ ಲಾಭ ತೋರಿಸಿದರೆ ವಿವರವಾದ ಲೆಕ್ಕಪುಸ್ತಕಗಳ ನಿರ್ಬಂಧವಿಲ್ಲ. ಆದರೆ ಈ ರಿಯಾಯಿತಿ ತೆರಿಗೆ ಇಲಾಖೆಗೆ ಕೊಡುವ ಲೆಕ್ಕಕ್ಕೆ ಮಾತ್ರ. ತನಗೆ ತಾನೇ ಕೊಟ್ಟುಕೊಳ್ಳಬೇಕಾದ ಲೆಕ್ಕಕ್ಕೆ ವಿನಾಯಿತಿ ಇಲ್ಲ. ಒಂದು ನೂರು ಹಾಳೆಯ ನೋಟ್‌ಪುಸ್ತಕದಲ್ಲಿ ಖರೀದಿ, ಗಂಟೆ, ಒಡೆದುದು, ಮಾರಾಟ, ಬಾಕಿ ಎಂಬ ಐದು ಕಾಲಂಗಳಿದ್ದರೆ ಸಾಕು. ಮನೆಖರ್ಚಿನ ಖಾತೆಯಿಂದ ಬೇರೆಯಾದ ಒಂದು ಬ್ಯಾಂಕ್ ಖಾತೆಯೂ ಇರಲಿ. ಮುಂದೆ 50,000 ರೂಪಾಯಿವರೆಗಿನ ಮುದ್ರಾ ‘ಶಿಶು’ ಸಾಲವನ್ನು ಕೇಳಲು ಹೋದಾಗ ಆ ನೋಟ್‌ಪುಸ್ತಕ ಮತ್ತು ಆ ಖಾತೆಯೇ ಅರ್ಜಿದಾರರ ಪರವಾಗಿ ಮಾತನಾಡುತ್ತವೆ.

ಅಭ್ಯಾಸಕ್ಕೆ

4 ಡಜನ್ ಚಿಕ್ಕ ಹೂದಾನಿಗಳನ್ನು ತಲಾ 20 ರೂಪಾಯಿಯಂತೆ ಕೊಳ್ಳಲಾಗಿದೆ. ತರುವ ಖರ್ಚು 60, ಗಾಳಿಯಲ್ಲಿ ಒಣಗುವ ಬಣ್ಣಕ್ಕೆ 240 ರೂಪಾಯಿ. ದುಡಿಮೆ 12 ಗಂಟೆ, ಗಂಟೆಗೆ 75 ರೂಪಾಯಿ. ಒಡೆದವು 3. ಉಳಿದವುಗಳಿಗೆ ತಲಾ 8 ರೂಪಾಯಿಯ ಪೆಟ್ಟಿಗೆ. ಒಂದು ಹೂದಾನಿಯ ನಿಜವೆಚ್ಚ ಎಷ್ಟು? 50 ರೂಪಾಯಿಗೆ ಮಾರಿದರೆ ದುಡಿಮೆಗೆ ಗಂಟೆಗೆ ಎಷ್ಟು ಬಿದ್ದಂತಾಯಿತು?

ಉತ್ತರ: ಒಟ್ಟು ವೆಚ್ಚ 2,520 ರೂಪಾಯಿ, ಮಾರಾಟಕ್ಕೆ 45 ಹೂದಾನಿ, ತಲಾ ವೆಚ್ಚ 56 ರೂಪಾಯಿ. 50 ರೂಪಾಯಿಗೆ ಮಾರಿದರೆ ಬರುವುದು 2,250. ದುಡಿಮೆ ಬಿಟ್ಟು ಉಳಿದ ವೆಚ್ಚ 1,620 ಕಳೆದರೆ 630 ರೂಪಾಯಿ, ಅಂದರೆ ಗಂಟೆಗೆ 52 ರೂಪಾಯಿ 50 ಪೈಸೆ.